ದಮ್ಮಸು ಹೊಡೆದ ಮಣ್ಣು

ಊರಿನ ಗೋರಿಗಳಲ್ಲಿ ಅರ್ಧಕ್ಕರ್ಧ ಮೇಸ್ತ್ರಿಯ ಕೈಯಲ್ಲೇ ಎದ್ದವು. ಕಬ್ಬಿಣದ ಸರಳು, ದಪ್ಪ ಸಿಮೆಂಟು, ಮೇಲೊಂದು ನುಣುಪಾದ ಕಲ್ಲು. ಮೇಸ್ತ್ರಿ ಕಟ್ಟಿದ ಮೇಲೆ ಒಳಗಿದ್ದವರು ಮನಸ್ಸು ಬದಲಾಯಿಸಿದರೂ ಈಚೆ ಬರುವ ಹಾಗಿಲ್ಲ ಎಂದು ಜನ ತಮಾಷೆ ಮಾಡುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನಿಗೆ ಒಳಗೊಳಗೇ ಹೆಮ್ಮೆ. ಅಂಥವನು ತಲೆ ನರೆತ ಮೇಲೆ ಕರಣೆ ಕೆಳಗಿಟ್ಟು, ಕಲ್ಲಿಲ್ಲದ, ಸಿಮೆಂಟಿಲ್ಲದ, ಬರೀ ಮಣ್ಣಿನ ಸ್ಮಶಾನ ಮಾಡುತ್ತೇನೆಂದು ಹೊರಟರೆ ಮನೆಯವರು ಏನೆಂದುಕೊಳ್ಳಬೇಕು?

"ತಲೆ ಕೆಟ್ಟಿದೆ ನಿಮಗೆ," ಎಂದಳು ಹೆಂಡತಿ. "ಕಟ್ಟೋ ಕೈ ಸುಮ್ನೆ ಕೂತ್ರೆ ಹೀಗೇ ಆಗೋದು."

ಕಾರಣ ಇತ್ತು. ಹಳೆಯ ಸ್ಮಶಾನದಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಮ್ಮೆ ಯಾರೂ ದಿಕ್ಕಿಲ್ಲದ ಗೋರಿಯೊಂದನ್ನು ಒಡೆದು ಹೊಸಬರಿಗೆ ಜಾಗ ಮಾಡಿಕೊಡು ಎಂದು ಅವನನ್ನೇ ಕರೆದರು. ಹೋಗಿ ನೋಡಿದರೆ ಅದು ಪ್ರಾಯದಲ್ಲಿ ಅವನೇ ಕಟ್ಟಿದ್ದು. ಬೆಳಗಿನಿಂದ ಸಂಜೆಯವರೆಗೆ ಸುತ್ತಿಗೆ ಬೀಸಿ ರಟ್ಟೆ ಬಿದ್ದುಹೋಯಿತು. ಒಳಗೆ ಮನುಷ್ಯನದೆನ್ನುವಂಥದು ಏನೂ ಉಳಿದಿರಲಿಲ್ಲ. ಉಳಿದದ್ದು ಇವನ ಸಿಮೆಂಟು ಮಾತ್ರ. ಆ ರಾತ್ರಿ ತಟ್ಟೆ ಮುಂದೆ ಕೂತು, "ಅವರು ಯಾವತ್ತೋ ಹೊರಟು ಹೋಗಿದ್ದಾರೆ ಕಣೇ. ಜಾಗ ಹಿಡ್ಕೊಂಡು ಕೂತಿರೋನು ನಾನು," ಎಂದ. ಹೆಂಡತಿಗೆ ಅರ್ಥವಾಗಲಿಲ್ಲ. ಆದರೆ ಗಂಡ ಊಟ ಬಿಟ್ಟು ಎದ್ದದ್ದು ಅದೇ ಮೊದಲು. 

ಜಾಗ ಅವಳ ತವರಿನಿಂದ ಬಂದದ್ದು: ಊರಾಚೆಯ ಇಳಿಜಾರು. ಮಣ್ಣು ಸಡಿಲ, ಪಾಯ ನಿಲ್ಲುವುದಿಲ್ಲವೆಂದು ಯಾರೂ ಕೊಳ್ಳುತ್ತಿರಲಿಲ್ಲ. ಪುರಸಭೆಯ ಎಂಜಿನಿಯರು ಬಂದು, ಕೆಳಗಿನ ಬಾವಿಯ ನೀರು ಪರೀಕ್ಷೆಗೆ ಕಳಿಸಿ, ತಿಂಗಳುಗಟ್ಟಲೆ ಅಲೆದಾಡಿಸಿ, ಕೊನೆಗೆ ಒಪ್ಪಿಗೆ ಕೊಟ್ಟರು. ಸೊಂಟದಷ್ಟೇ ಆಳ ತೋಡಬೇಕು. ಪೆಟ್ಟಿಗೆ ಇಲ್ಲ, ಹತ್ತಿಬಟ್ಟೆ ಸುತ್ತಿ ಒಣ ಎಲೆಯ ಹಾಸಿನ ಮೇಲೆ ಮಲಗಿಸುವುದು. ಮೇಲೆ ಮಣ್ಣು ಸಡಿಲವಾಗಿ ಗುಡ್ಡೆ ಹಾಕಿ ಬಿಡುವುದು. ಅದು ತಾನಾಗಿ ಇಳಿಯುತ್ತದೆ, ಗಾಳಿ ನೀರು ಆಡುತ್ತವೆ. ಕಲ್ಲಿನ ಬದಲು ಒಂದು ಗಿಡ. ಕೇಳಿದವರಿಗೂ ಕೇಳದವರಿಗೂ ಮೇಸ್ತ್ರಿ ಇದನ್ನು ಒಪ್ಪಿಸುತ್ತಿದ್ದ. ತಲೆ ಕೆಟ್ಟಿದೆ ಎಂದಿದ್ದ ಹೆಂಡತಿಯೇ ಹಳೆಯ ಪೇಂಟಿನ ಡಬ್ಬಗಳಲ್ಲಿ ದಾಳಿಂಬೆ ಸಸಿ ಎಬ್ಬಿಸಿದಳು. ಎಲ್ಲ ಸಿದ್ಧವಾಯಿತು, ಒಬ್ಬರೂ ಬರಲಿಲ್ಲ. ಯಾರಾದರೂ ಬರಲಿ ಎಂದು ಹಾರೈಸುವಂಥ ಕೆಲಸವೂ ಅಲ್ಲವಲ್ಲ!

ಕೊನೆಗೆ ಬಂದವರು ಎದುರು ಸಾಲಿನ ಟೈಲರಣ್ಣ. ಅಂಗಡಿಯಲ್ಲಿ ಅವರು ಕತ್ತರಿ ಹಿಡಿದರೆ, ಅವರ ಹೆಂಡತಿ ಬಾಗಿಲ ಬೆಳಕಿಗೆ ಕೂತು ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದರು. ಊರಿಗೆಲ್ಲ ಅವರು ಕಾಜಾ ಅಕ್ಕ, ಮೇಸ್ತ್ರಿಗೆ ಮಾತ್ರ ಅತ್ತಿಗೆ. ಆಕೆ ತೀರಿಕೊಂಡ ದಿನ ಟೈಲರಣ್ಣ ಮೆಷಿನ್ನಿನಿಂದ ಪಾಲಿಯೆಸ್ಟರ್ ದಾರದ ಉಂಡೆ ತೆಗೆದು, ಹತ್ತಿ ದಾರ ಪೋಣಿಸಿ, ಹೊದಿಸುವ ಬಟ್ಟೆಯನ್ನು ತಾವೇ ಹೊಲಿದರು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನೋಡಿದವರಿಗೇ ಸಂಕಟವಾಯಿತು.

ಮಣ್ಣು ಮುಚ್ಚಿ, ದಾಳಿಂಬೆ ಸಸಿ ನೆಟ್ಟು ಎಲ್ಲರೂ ಹೋದ ಮೇಲೆ ಮೇಸ್ತ್ರಿ ಒಬ್ಬನೇ ಉಳಿದ. ಗುಡ್ಡೆ ಓರೆಕೋರೆಯಾಗಿ ಕಂಡಿತು. ಅತ್ತಿಗೆ ಜೀವಮಾನದಲ್ಲಿ ಒಂದು ಹೊಲಿಗೆ ಸೊಟ್ಟ ಹಾಕಿದವರಲ್ಲ. ಅವರ ಮೇಲೆ ಇದೇನು ಅಸಡ್ಡಾಳ! ಶೆಡ್ಡಿನಿಂದ ನೆಲ ಗಟ್ಟಿ ಮಾಡುವ ದಮ್ಮಸು ತಂದ. ಅಡಿಗೆ ಕಬ್ಬಿಣ ಹಾಕಿದ, ಎದೆಯೆತ್ತರದ ದಪ್ಪ ಕೋಲು ಅದು. ಸಸಿಯ ಸುತ್ತ ನಾಲ್ಕೂ ಮೂಲೆ ಕುಟ್ಟಿ, ಸಮ ಮಾಡಿ, ರಸಮಟ್ಟ ಇಟ್ಟು ನೋಡಿ, ತೃಪ್ತಿಯಿಂದ ಮನೆಗೆ ಹೋದ. ಊರಿಗೆಲ್ಲ ಹೇಳಿದ ಪಾಠ ಅವನ ಕೈಗೆ ಮಾತ್ರ ತಲುಪಿರಲಿಲ್ಲ.

ಗಿಡ ಹತ್ತಲಿಲ್ಲ. ಮೊದಲು ಎಲೆ ಮುದುರಿತು, ಆಮೇಲೆ ಉದುರಿತು. ಟೈಲರಣ್ಣ ದಿನವೂ ಬೆಳಿಗ್ಗೆ ಕೊಡದಲ್ಲಿ ನೀರು ತಂದು ಹಾಕಿ, ಮಾತಾಡದೆ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಕೊಡ ಕೆಳಗಿಟ್ಟವರು ಹೋಗಲಿಲ್ಲ.

"ಮೇಸ್ತ್ರಿ, ಇವಳನ್ನ ಇಲ್ಲಿಂದ ತೆಗೆದುಬಿಡೋಣ. ಹಳೇ ಸ್ಮಶಾನದಲ್ಲಿ ಎಲ್ಲಾದ್ರೂ ಮಲಗಿಸಿ ಕಲ್ಲು ಹಾಕ್ಸು. ನೀನೇ ಕಟ್ಟಿಕೊಡು."

ಮೇಸ್ತ್ರಿ ಕೈಯಲ್ಲಿದ್ದ ಗುದ್ದಲಿ ಕೆಳಗಿಟ್ಟ. ಬಂದವರೇ ಒಬ್ಬರು, ಅವರೂ ಎದ್ದು ಹೋದರೆ ಈ ಇಳಿಜಾರಿಗೆ ಇನ್ನು ನಾಯಿಯೂ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮಲಗಿದವರನ್ನು ಎಬ್ಬಿಸುವುದೆಂದರೆ! "ಯಾಕಣ್ಣ? ಏನಾಯ್ತು?"

"ಆಸ್ಪತ್ರೇಲಿ ಅವಳನ್ನ ಕೇಳಿದೆ. ಮೇಸ್ತ್ರಿ ಜಾಗ ಆಗುತ್ತೇನೇ ಅಂತ. ಗೋಡೆ ಕಡೆ ಮುಖ ತಿರುಗಿಸಿದ್ಳು. ಸುಸ್ತಾಗಿರಬೇಕು ಅಂದ್ಕೊಂಡು ಹೂಂ ಅಂತ ನಾನೇ ಲೆಕ್ಕ ಹಾಕ್ಕೊಂಡೆ." ಅವರು ಒಣಗಿದ ರೆಂಬೆ ಮುಟ್ಟಿದರು. "ಅವಳಿಗೆ ಇಷ್ಟ ಇರಲಿಲ್ಲ ಕಣೋ. ಈ ಗಿಡ ನೋಡು. ಹೇಳ್ತಾನೇ ಇದಾಳೆ."

ಮೇಸ್ತ್ರಿ ಗಿಡದ ಬುಡಕ್ಕೆ ಕಣ್ಣು ಹಾಕಿದ. ಟೈಲರಣ್ಣ ಹೊಯ್ದ ನೀರು ಇಂಗದೆ, ತಾರಸಿ ಮೇಲೆ ನಿಂತ ಹಾಗೆ ನಿಂತಿತ್ತು. ಬೆರಳು ಒತ್ತಿ ನೋಡಿದ, ಉಗುರೂ ಇಳಿಯಲಿಲ್ಲ. ಅವತ್ತಿನ ದಮ್ಮಸು ನೆನಪಾಯಿತು.

ಬಾಯಿ ಮುಚ್ಚಿಕೊಂಡು ಇನ್ನೊಂದು ಸಸಿ ನೆಟ್ಟುಬಿಡಬಹುದಿತ್ತು. ಮಣ್ಣಿನ ಕೆಲಸ ಬಾರದವನು ಎಂದು ಊರೆಲ್ಲ ಆಡಿಕೊಳ್ಳುವುದೂ ತಪ್ಪುತ್ತಿತ್ತು. ಆದರೆ ಈ ಮನುಷ್ಯ ಸಾಯುವವರೆಗೆ ಹೆಂಡತಿಯ ಮುನಿಸು ಹೊತ್ತು ತಿರುಗಬೇಕಾಗುತ್ತಿತ್ತು.

"ಅಣ್ಣ, ಅತ್ತಿಗೆ ಅಲ್ಲ. ನಾನು," ಎಂದ ಮೇಸ್ತ್ರಿ. "ನೀವೆಲ್ಲ ಹೋದ ಮೇಲೆ ದಮ್ಮಸು ಹೊಡೆದೆ. ನೀಟಾಗಿರಲಿ ಅಂತ. ಮನೆ ಪಾಯದ ಹಾಗೆ ಕುಟ್ಟಿದೀನಿ. ಬೇರು ಎಲ್ಲಿಂದ ಇಳಿಯುತ್ತೆ? ನೀರೇ ಇಳೀತಿಲ್ಲ, ನೋಡಿ."

ಟೈಲರಣ್ಣ ನೀರನ್ನು ನೋಡಿದರು, ಅವನನ್ನು ನೋಡಿದರು. ಕುಕ್ಕರಗಾಲಲ್ಲಿ ಕೂತು ತಾವೂ ಮಣ್ಣಿಗೆ ಬೆರಳು ಒತ್ತಿದರು.

"ನೀನಾ?"

"ನಾನೇ ಅಣ್ಣ."

"ಅವಳಲ್ವಾ?"

"ಅಲ್ಲವೇ ಅಲ್ಲ."

"ಅಯ್ಯೋ ನಿನ್ನ ಕೈ ಸೇದಿಹೋಗ!" ಎಂದು ಟೈಲರಣ್ಣ ಕಿರುಚಿದರು. ಕಿರುಚಿದವರು ಅಲ್ಲೇ ಕೂತು ಗಟ್ಟಿಯಾಗಿ ಅತ್ತರು. ಆಕೆ ಹೋದ ದಿನ ಬಾರದ ಅಳು ಆಗ ಬಂತು. ಮೇಸ್ತ್ರಿಯೂ ಪಕ್ಕದಲ್ಲಿ ಕೂತ. ಬೈಸಿಕೊಂಡು ಇಷ್ಟು ಹಗುರಾದದ್ದು ಅವನಿಗೆ ನೆನಪಿರಲಿಲ್ಲ.

ಇಬ್ಬರೂ ಸೇರಿ ಮೇಲ್ಮಣ್ಣನ್ನು ಸಣ್ಣ ಗುದ್ದಲಿಯಲ್ಲಿ ಮೆಲ್ಲಗೆ ಸಡಿಲಿಸಿದರು. ಒಣಗಿದ್ದನ್ನು ಕಿತ್ತು, ಮೇಸ್ತ್ರಿಯ ಹೆಂಡತಿ ಕೊಟ್ಟ ಇನ್ನೊಂದು ಸಸಿ ನೆಟ್ಟರು. ಗುಡ್ಡೆ ಮತ್ತೆ ಓರೆಯಾಯಿತು, ಹಾಗೆಯೇ ಬಿಟ್ಟರು. ಹೊಯ್ದ ನೀರು ಗುಳುಗುಳು ಎಂದು ಒಳಗೆ ಹೋಯಿತು.

"ಇಲ್ಲಿ ಬರೋಕೆ ಅವಳಿಗೆ ಮನಸ್ಸಿತ್ತೋ ಇಲ್ವೋ, ನಂಗೆ ಈಗಲೂ ಗೊತ್ತಿಲ್ಲ," ಎಂದರು ಟೈಲರಣ್ಣ, ಕೈಯ ಮಣ್ಣು ಕೊಡವುತ್ತ. "ಆದ್ರೆ ಮುನಿಸ್ಕೊಂಡಿಲ್ಲ. ಅಷ್ಟು ಸಾಕು. ಇಲ್ಲೇ ಇರಲಿ. ಪಕ್ಕದ ಜಾಗ ನಂಗೆ ಇಟ್ಟಿರು."

"ಆಯ್ತಣ್ಣ."

"ಒಂದು ಮಾತು. ನನ್ನ ಮುಚ್ಚೋ ದಿನ ನಿನ್ನ ಹೆಂಡತೀನ ಕಳಿಸು. ನೀನು ಮನೇಲಿರು."

ಮೇಸ್ತ್ರಿ ತಲೆ ತಗ್ಗಿಸಿಕೊಂಡೇ ಒಪ್ಪಿಕೊಂಡ.