ತೋಳಬಳೆ ತೆಗೆಸಿದ ದಿನ

ಆಗಿನ ನನ್ನ ಸ್ವಭಾವವನ್ನು ಮೊದಲೇ ಹೇಳಿಬಿಡುತ್ತೇನೆ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಪ್ರಶ್ನೆ ಯಾರಿಗೆ ಕೇಳಿದರೂ ಉತ್ತರ ನನ್ನ ಬಾಯಿಂದಲೇ ಬರಬೇಕು. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಕೂಡ್ಲಿಗಿಯಲ್ಲಿ ನಾವು ಏಳೆಂಟು ಹೆಂಗಸರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದೆವು. ಗಂಡನ ಹೊಡೆತ ತಾಳಲಾರದೆ ಬಂದವರನ್ನು ಆಸ್ಪತ್ರೆಗೆ, ಠಾಣೆಗೆ, ವಕೀಲರ ಬಳಿಗೆ ಕರೆದುಕೊಂಡು ಹೋಗುವುದು ನಮ್ಮ ಕೆಲಸ. "ಠಾಣ್ಯಾಗ ನಿನಗೊಂದು ಕುರ್ಚಿ ಕಾಯಂ ಮಾಡಸ್ತೀನಿ ತಡಿ" ಎಂದು ನಮ್ಮ ಯಜಮಾನರು ನಗುತ್ತಿದ್ದರು.

ಒಂದು ಬೆಳಿಗ್ಗೆ ಸಂಘದ ಕೋಣೆಯ ಬಾಗಿಲಲ್ಲಿ ಲಂಬಾಣಿ ಹೆಣ್ಣುಮಗಳೊಬ್ಬಳು ನಿಂತಿದ್ದಳು. ಹರಪನಹಳ್ಳಿ ಕಡೆಯ ತಾಂಡಾದವಳು. ಕಬ್ಬು ಕಡಿಯಲು ಗುಳೆ ಹೋದ ಊರಿನಲ್ಲಿ ಗಂಡ ಬಡಿಗೆ ತೆಗೆದುಕೊಂಡು ಹೊಡೆದಿದ್ದ. ಅಲ್ಲಿಂದ ಒಬ್ಬಳೇ ತಾಂಡಾಕ್ಕೆ ಬಂದರೆ, ಗಂಡ ಬರುವವರೆಗೆ ಮಗಳನ್ನು ಕೊಡುವುದಿಲ್ಲ ಎಂದು ಮೈದುನ ಬಾಗಿಲಲ್ಲೇ ತಡೆದಿದ್ದ. ಮೂರು ವರ್ಷದ ಮಗು ಅತ್ತೆಯ ಹತ್ತಿರವೇ ಉಳಿಯಿತು. "ಕೂಸು ಬೇಕು ಅಕ್ಕಾ, ಮತ್ತೇನೂ ಬ್ಯಾಡ" ಎಂದು ತನಗೆ ಬರುವಷ್ಟು ಕನ್ನಡದಲ್ಲಿ ಮತ್ತೆ ಮತ್ತೆ ಅದನ್ನೇ ಹೇಳಿದಳು. ಅವಳ ಎಡಗೈ ಊದಿಕೊಂಡಿತ್ತು.

ನಾನು ಮೊದಲು ಮಾಡಿದ್ದು, ಅವಳ ಕನ್ನಡಿ ಹೊಲಿದ ಲಂಗ ಬಿಡಿಸಿ ನನ್ನದೊಂದು ಸೀರೆ ಉಡಿಸಿದ್ದು. ಆ ಉಡುಪಿನಲ್ಲಿ ಹೋದರೆ ಪೊಲೀಸರು ಹೊರಗೇ ಕೂರಿಸುತ್ತಾರೆ ಎಂದು ಎಲ್ಲರಿಗೂ ಹೇಳಿದೆ. ಅದು ಸುಳ್ಳೇನಲ್ಲ. ಆದರೆ ಬಜಾರಿನಲ್ಲಿ ಅವಳ ಪಕ್ಕದಲ್ಲಿ ನಡೆಯಲು ನನಗೂ ಒಳಗೊಳಗೇ ಸಂಕೋಚವಿತ್ತು. ಈ ಮಾತನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು.

ಆಸ್ಪತ್ರೆಯಲ್ಲಿ ಬಳೆಗಳ ಸಮಸ್ಯೆ ಬಂತು. ಅವಳ ಎರಡೂ ತೋಳುಗಳಲ್ಲಿ ಮೊಣಕೈ ಮೇಲಿಂದ ಭುಜದ ತನಕ ಬಿಳಿಯ ಬಳೆಗಳು ಒತ್ತಾಗಿ ಕೂತಿದ್ದವು. "ತೆಗೀರಿ ಡಾಕ್ಟರ್, ಗಾಯ ಎಲ್ಲಾ ಕಾಣ್ಲಿ, ಚೀಟಿಯೊಳಗ ಬರೀರಿ" ಎಂದು ನಾನೇ ಅವಸರ ಮಾಡಿದೆ. ಎಡಗೈಯ ಬಳೆಗಳನ್ನು ಕತ್ತರಿಸಿದರು. ಬಲಗೈಯವನ್ನೂ ತೆಗೆದು ನೋಡಿಬಿಡಿ ಎಂದೆ. ಹಳೆಯ ಬಾಸುಂಡೆ, ಹೊಸ ಬಾಸುಂಡೆ, ಒಂದರ ಮೇಲೊಂದು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ನೋವಿಗೆ ಅಳುತ್ತಿದ್ದಾಳೆ ಎಂದುಕೊಂಡೆ.

ನಾವು ಹೋದ ಠಾಣೆಯಲ್ಲಿ ಜಮೇದಾರ ಡಾಕ್ಟರ ಚೀಟಿಯನ್ನು ಓದಿಯೇನೋ ಓದಿದ.

"ಹೊಡದಿದ್ದು ಎಲ್ಲಿ?"

"ಬ್ಯಾರೆ ಜಿಲ್ಲಾದಾಗ್ರಿ, ಕಬ್ಬಿನ ಗದ್ದ್ಯಾಗ" ಎಂದೆ.

"ಹಂಗಾರ ಅಲ್ಲೇ ಹೋಗಿ ಕಂಪ್ಲೇಂಟ್ ಕೊಡ್ರಿ."

ನಾನು ಕೂಗಾಡಿದೆ. ಆತ ಚಹಾ ತರಿಸಿಕೊಂಡು ಕುಡಿದ. ಗುಳೆ ಹೋದ ಹೆಂಗಸು ಬಂದು ನಿಂತ ಠಾಣೆಯಲ್ಲೇ ದೂರು ಬರೆದುಕೊಳ್ಳಬೇಕು, ಅವಳ ಭಾಷೆ ಬಲ್ಲ ಹೆಂಗಸೊಬ್ಬಳು ಜೊತೆಗಿರಬೇಕು ಎಂದು ಅಂದು ಸಂಜೆಯೇ ಮನವಿ ಬರೆದೆವು. ಅದನ್ನು ಹಿಡಿದುಕೊಂಡು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ಎರಡು ತಿಂಗಳು ಬಸ್ಸು ಹತ್ತಿ ಇಳಿದೆವು. ಸಾಹೇಬರುಗಳೆಲ್ಲ ಕಾಗದ ಇಸಿದುಕೊಂಡು "ನೋಡೋಣ" ಎಂದರು. ಅವಳು ಸಂಘದ ಕೋಣೆಯಲ್ಲೇ ಇದ್ದಳು. ನನ್ನ ಸೀರೆಯನ್ನು ದಿನಾ ಒಗೆದು, ಒಣಗಿಸಿ, ಮತ್ತೆ ಅದನ್ನೇ ಉಡುತ್ತಿದ್ದಳು.

ಕಬ್ಬಿನ ಕೆಲಸ ಮುಗಿದು ಗಂಡ ಊರಿಗೆ ಬಂದ ಮೇಲೆ ತಾಂಡಾದ ಹಿರಿಯ, ಅವರು ನಾಯಕ ಎನ್ನುವವನು, ಪಂಚಾಯಿತಿ ಕರೆದ. ನಾನೂ ಹೋದೆ. ಕೂತವರು ಅವಳ ತೋಳುಗಳನ್ನೇ ನೋಡುತ್ತಿದ್ದರು. ನಾಯಕ ನನಗೆ ತಿಳಿಯಲೆಂದು ಕನ್ನಡದಲ್ಲೇ ಶುರು ಮಾಡಿದ.

"ನಮ್ಮಾಗ ಗಂಡ ಸತ್ತಾಗ ತೋಳಬಳಿ ತೆಗೀತಾರ್ರಿ. ಈಕಿ ಗಂಡ ಇಲ್ಲೇ ಕುಂತಾನ. ಇದ್ದ ಗಂಡನ್ನ ಸತ್ತಾನ ಅಂದಂಗಾತು. ಹಂಗ ಅಂದಾಕಿಗೆ ಕೂಸು ಹೆಂಗ ಕೊಡೋದು?"

ಆಸ್ಪತ್ರೆಯಲ್ಲಿನ ಅವಳ ಅಳು ನೋವಿನದ್ದಲ್ಲವೆಂದು ಆಗ ತಿಳಿಯಿತು. ಎದ್ದು ಕೈಮುಗಿದೆ. "ತಪ್ಪು ನಂದ್ರಿ. ತೆಗೆಸಿದಾಕಿ ನಾನು. ನನಗ ನಿಮ್ಮ ಪದ್ಧತಿ ಗೊತ್ತಿದ್ದಿಲ್ಲ. ಆಕೀದೇನೂ ಇಲ್ಲ."

ನಾಯಕನ ಮುಖ ಸಡಿಲವಾಯಿತು. "ಗೊತ್ತಿಲ್ದ ಆದದ್ದು ಅಂದ್ರ ಮುಗೀತಲ್ರಿ. ಹೊಸ ಬಳಿ ತೊಟ್ಕೊಂಡು ಗಂಡನ ಮನಿಗೆ ಹೋಗ್ಲಿ. ಕೂಸೂ ಅಲ್ಲೇ ಐತಿ."

ಅವಳನ್ನು ಉಳಿಸಲು ಆಡಿದ ಮಾತು ಅವಳನ್ನು ಅದೇ ಬಡಿಗೆಯ ಮುಂದೆ ತಂದು ನಿಲ್ಲಿಸಿತ್ತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ.

ನನಗಿಂತ ಮೊದಲೇ ಅವಳು ಎದ್ದು ನಿಂತಳು. ತಮ್ಮ ಮಾತಿನಲ್ಲಿ ನಿಧಾನವಾಗಿ ಏನೋ ಹೇಳಿ, ನನ್ನ ಕಡೆ ತಿರುಗಿ ಅದನ್ನೇ ಕನ್ನಡದಲ್ಲಿ ಹೇಳಿದಳು. "ಅಕ್ಕಗ ಗೊತ್ತಿದ್ದಿಲ್ಲ. ನನಗ ಗೊತ್ತಿತ್ತು. ಡಾಕ್ಟರ್ ಮುಂದ ಕೈ ಚಾಚಿದಾಕಿ ನಾನೇ. ತಿರುಗಿ ಹೋಗಾಂಗಿಲ್ಲ."

ಗಂಡ ಎದ್ದು ಕೂಗಾಡತೊಡಗಿದ. ಒಂದಿಬ್ಬರು ಅವನನ್ನು ಹಿಡಿದು ಕೂರಿಸಿದರು. "ಹಂಗಾರ ಕೂಸಿನ ಆಸೆ ಬಿಡು" ಎಂದ ನಾಯಕ. ಅವಳು ಅಲ್ಲಾಡಲಿಲ್ಲ, ಅಳಲೂ ಇಲ್ಲ. ಎರಡು ತಿಂಗಳಿಂದ ಅವಳು ಬೇಡಿದ್ದು ಅದೊಂದನ್ನೇ. ಅದೂ ಹೋಯಿತಲ್ಲ ಎಂದುಕೊಂಡೆ.

ಅಷ್ಟರಲ್ಲಿ ಹಿಂದೆ ಹೆಂಗಸರ ನಡುವೆ ಕೂತಿದ್ದ ಅವಳ ಅತ್ತೆ ಎದ್ದು ಗುಡಿಸಲಿನೊಳಗೆ ಹೋದಳು. ತೆಳ್ಳಗಿನ ಮುದುಕಿ, ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಮಲಗಿದ್ದ ಮಗುವನ್ನು ಎತ್ತಿಕೊಂಡು ಬಂದಳು. ನಾಯಕ ಏನೋ ಗದರಿದ. ಮುದುಕಿ ಅವನತ್ತ ನೋಡಲೂ ಇಲ್ಲ. ಗಂಡಸರನ್ನು ದಾಟಿಕೊಂಡು ಬಂದು ಮಗುವನ್ನು ಸೊಸೆಯ ತೋಳಿಗೆ ಕೊಟ್ಟಳು. ಕೊಡುವಾಗ ಎರಡೇ ಎರಡು ಮಾತು ಆಡಿದಳು. ಅದಾದ ಮೇಲೆ ಯಾರೂ ತಡೆಯಲಿಲ್ಲ. ಗಂಡ ತಲೆ ಎತ್ತಲಿಲ್ಲ.

ಬಸ್ಸಿನಲ್ಲಿ ಮಗು ಅವಳ ಹೆಗಲ ಮೇಲೆ ಮತ್ತೆ ನಿದ್ದೆ ಹೋಗಿತ್ತು. ಮುದುಕಿ ಏನಂದಳು ಎಂದು ಕೇಳಿದೆ. ಅವಳು ಮಗುವಿನ ತಲೆಗೆ ಸೆರಗು ಹೊದಿಸಿ ಹೇಳಿದಳು.

"ಮಗನ್ನ ನಾನು ಬೆಳೆಸೀನಿ, ಈಕೀನ್ನ ನೀನು ಬೆಳೆಸು ಅಂದ್ಳು ಅಕ್ಕಾ."