ದರ್ಜಿಯ ಬಾಣಲೆ

ದರ್ಜಿ ಅಡುಗೆಮನೆ ಹೊಕ್ಕರೂ ದರ್ಜಿಯೇ. ಕ್ಯಾರೆಟ್ಟನ್ನು ಹೆಚ್ಚುವ ಮೊದಲು ಹಳದಿ ದೊಣ್ಣೆಮೆಣಸಿನಕಾಯಿಯ ಪಕ್ಕ ಹಿಡಿದು, ಅಂಗಿಗೆ ಕಾಲರ್ ಒಪ್ಪುತ್ತದೋ ಇಲ್ಲವೋ ಎಂಬಂತೆ ಕತ್ತು ಓರೆ ಮಾಡಿ ನೋಡುತ್ತಾನೆ. ಬೀನ್ಸಿಗೆ ಕತ್ತರಿಯೇ ಆಗಬೇಕು. ಮೀನಿನ ಮೊಟ್ಟೆಯನ್ನು ಬಾಣಲೆಗೆ ಉದುರಿಸುವಾಗ ಮಾತ್ರ, ರೇಷ್ಮೆಗೆ ಮೊದಲ ಕತ್ತರಿ ಹಾಕುವವನ ಹಾಗೆ ಉಸಿರು ಬಿಗಿಹಿಡಿಯುತ್ತಾನೆ. “ಹೊಟ್ಟೆಗೆ ಹೋಗೋದಕ್ಕೆ ಇಷ್ಟೊಂದು ಶೋಕಿ ಯಾಕಪ್ಪಾ?” ಎಂದು ಮಗಳು ರೇಗಿಸಿದರೆ, “ಸುಮ್ನಿರೇ, ಗಿರಾಕಿ ಕಾಯ್ತಿದಾಳೆ” ಎನ್ನುತ್ತಾನೆ. ಗಿರಾಕಿ ಎಂದರೆ ಹೆಂಡತಿ. ಅವನ ಅಂಗಡಿಯ ಅಂಗಿಗಳಿಗೆಲ್ಲ ಗುಂಡಿ ತೂರುವ ಕಾಜಾ ಹೊಲಿದೂ ಹೊಲಿದೂ ಅವಳ ಕಣ್ಣು ಮಂಜಾಗಿದೆ. ಈಗ ಗಾಢ ಬಣ್ಣಗಳಷ್ಟೇ ಕಾಣುತ್ತವೆ. ತಟ್ಟೆಯ ಮೇಲೆ ಬಗ್ಗಿ, “ಇವತ್ತು ಹಸಿರು ಜಾಸ್ತಿ ಆಯ್ತು ಕಣ್ರೀ” ಎಂದು ಅವಳು ತಪ್ಪು ಹಿಡಿದಾಗ, ದರ್ಜಿ ತುತ್ತು ಮರೆತು, ತನ್ನ ಅಂಗಿಯ ಗುಂಡಿಯನ್ನು ಅವಳು ಹೊಲಿದ ಕಾಜಾದಲ್ಲಿ ತೂರಿಸುತ್ತ, ತೆಗೆಯುತ್ತ, ಮತ್ತೆ ತೂರಿಸುತ್ತ ಕೂರುತ್ತಾನೆ.