ಬಾಗಿಯಕ್ಕ ಹಾಕಿದ ಬೇಲಿ

ವಿಠ್ಠಲವಾಡಿಯ ಬಾಗಿಯಕ್ಕ ಕಂಪ್ಯೂಟರ್ ಕಲಿತದ್ದು ಕೈಯಲ್ಲಿ ಪೊರಕೆ ಹಿಡಿದುಕೊಂಡು. ಸ್ಟೇಷನ್ ಹತ್ತಿರದ ಸೈಬರ್ ಕೆಫೆಗೆ ಗುಡಿಸುವ ಕೆಲಸಕ್ಕೆ ಸೇರಿದವರು, ಹದಿನಾಲ್ಕು ವರ್ಷ ಗಿರಾಕಿಗಳ ಬೆನ್ನ ಹಿಂದೆ ನಿಂತು ನೋಡಿ ನೋಡಿಯೇ ಕಲಿತರು. ಕೆಫೆ ಮುಚ್ಚಿದ ಮೇಲೆ ಕಲ್ಯಾಣ, ಡೊಂಬಿವಲಿಯ ನಮ್ಮ ಊರ ಕಡೆಯವರ ಮನೆಗಳಿಗೆ ಹೋಗಿ ಕಂಪ್ಯೂಟರಿನ ಸಣ್ಣಪುಟ್ಟ ಕಿರಿಕಿರಿ ಬಿಡಿಸುವುದೇ ಅವರ ಕಸುಬಾಯಿತು.

ಅವರ ಚಿಕಿತ್ಸೆ ಸರಳ. ಅಕ್ಷರ ಸಣ್ಣದೆಂದು ಕಣ್ಣು ಕಿರಿದು ಮಾಡುವವರಿಗೆ ಕಂಟ್ರೋಲ್ ಒತ್ತಿ ಪ್ಲಸ್ ಒತ್ತಲು ಕಲಿಸುತ್ತಿದ್ದರು. ದಿನಾ ಬೇಕಾಗುವ ನಾಲ್ಕು ಪುಟಗಳನ್ನು ಬ್ರೌಸರಿನ ನೆತ್ತಿಯ ಮೇಲೆ ಸಾಲಾಗಿ ಕೂರಿಸುತ್ತಿದ್ದರು. ‘ನೀವು ಕಾರು ಗೆದ್ದಿದ್ದೀರಿ’ ಎಂದು ಮೂಲೆಯಿಂದ ನುಗ್ಗುವ ಚೌಕಗಳ ಹುಟ್ಟಡಗಿಸುತ್ತಿದ್ದರು. ಕೊನೆಗೆ ಎಲ್ಲ ಮನೆಯಲ್ಲೂ ಒಂದು ಬೇಲಿ: ಯಾವ ವೆಬ್‌ಸೈಟಿಗೂ ಕ್ಯಾಮೆರಾ ಇಲ್ಲ, ಮೈಕ್ ಇಲ್ಲ, ಬ್ರೌಸರ್ ಮುಚ್ಚಿದ ಕೂಡಲೇ ಲಾಗಿನ್ ಎಲ್ಲ ಅಳಿಸಿಹೋಗಬೇಕು.

“ಬೆಲ್ ಹೊಡೆದವರಿಗೆಲ್ಲ ಬಾಗಿಲು ತೆಗೀತೀರಾ ಭಾಮಕ್ಕ? ಇದೂ ಹಾಗೇ,” ಎಂದು ನನ್ನನ್ನು ಕೇಳುತ್ತಿದ್ದರು. ಕೆಫೆಯಲ್ಲಿ ಒಬ್ಬರು ತೆರೆದಿಟ್ಟು ಹೋದ ಮೇಲ್ ಇನ್ನೊಬ್ಬರು ಓದಿ ಎಷ್ಟು ರಂಪ ಆಗಿತ್ತೋ ಅವರಿಗೇ ಗೊತ್ತು. ನೂರು ಜನ ಬಂದು ಹೋಗುವ ಅಂಗಡಿಯ ಆ ನಿಯಮವನ್ನು ಮೂರೇ ಜನರಿರುವ ನಮ್ಮ ಮನೆಗೂ ತಂದಿದ್ದರು. ನಾನೂ ತಲೆಯಾಡಿಸಿದ್ದೆ. ಕಂಪ್ಯೂಟರ್ ತಂಟೆ ಮಾಡದಿದ್ದರೆ ಸಾಕಿತ್ತು ನನಗೆ.

ಈಗಿಲ್ಲದ ಅತ್ತೆಯ ಆರೈಕೆಗೆಂದು ಲೈಬ್ರರಿ ಕೆಲಸ ಬಿಟ್ಟು ಹನ್ನೊಂದು ವರ್ಷವಾಗಿತ್ತು. ನಲವತ್ತೇಳರ ನನಗೆ ಖಾರಘರದ ಶಾಲೆಯೊಂದು ಲೈಬ್ರೇರಿಯನ್ ಕೆಲಸಕ್ಕೆ ಸಂದರ್ಶನಕ್ಕೆ ಕರೆಯಿತು. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ, ಆನ್‌ಲೈನಿನಲ್ಲಿ. ಮೊಬೈಲಿನಿಂದ ಸೇರುವಂತಿಲ್ಲ. ಹನ್ನೊಂದೂ ಕಾಲರೊಳಗೆ ಮುಖ ಕಾಣಿಸದಿದ್ದರೆ ಗೈರುಹಾಜರಿ. ಈ ವಯಸ್ಸಿಗೆ ಇನ್ನೊಂದು ಕರೆ ಬರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ಲಿಂಕ್ ತೆರೆಯಿತು. ನನ್ನ ಮುಖ ಬರಬೇಕಾದ ಕಡೆ ಕಪ್ಪು ಚೌಕ. ಯಜಮಾನರು ತುರ್ಭೆಯಲ್ಲಿ ಹೋಟೆಲಿನ ಗಲ್ಲಾದಲ್ಲಿ, ಮಗ ಅಭಿಜಿತ್ ಕಾಲೇಜಿನಲ್ಲಿ. ಬಾಗಿಯಕ್ಕನಿಗೆ ಫೋನ್ ಹಚ್ಚಿದೆ.

“ಕ್ಯಾಮೆರಾದ್ದೇ ದೋಷ ಇರ್ಬೇಕು ಮಾರಾಯ್ರೆ. ಕಂಪ್ಯೂಟರ್ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ,” ಎಂದರು.

“ಟೈಮ್ ಇಲ್ಲ ಬಾಗಿಯಕ್ಕ!”

“ನಾನು ಹೇಳ್ತೇನಲ್ಲ, ಮಾಡಿ. ನನ್ನ ಸೆಟ್ಟಿಂಗಿನದ್ದು ಎಂತದೂ ತೊಂದ್ರೆ ಇಲ್ಲ.”

ಮಾಡಿದೆ. ನಮ್ಮ ಹಳೇ ಯಂತ್ರ ಕಣ್ಣು ಬಿಡುವಷ್ಟರಲ್ಲಿ ಹನ್ನೊಂದು ದಾಟಿ ಆರು ನಿಮಿಷ. ಲಿಂಕ್ ಇದ್ದ ಮೇಲ್ ತೆರೆಯಲು ಹೋದರೆ ಪಾಸ್‌ವರ್ಡ್ ಕೇಳಿತು. ಎಲ್ಲ ಅಳಿಸಿಹೋಗಿತ್ತು. ಬೆವರಿದ ಬೆರಳಲ್ಲಿ ಮೊದಲ ಸಲ ತಪ್ಪು, ಎರಡನೇ ಸಲವೂ ತಪ್ಪು. ಮೂರನೇ ಸಲ ತೆರೆದಾಗ ಹನ್ನೊಂದು ಹತ್ತು. ಮತ್ತೆ ಅದೇ ಕಪ್ಪು ಚೌಕ, ಅದರ ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು: ನಿಮ್ಮ ಬ್ರೌಸರ್ ಕ್ಯಾಮೆರಾ ಮತ್ತು ಮೈಕನ್ನು ತಡೆದಿದೆ.

ಫೋನಿನಲ್ಲೇ ಇದ್ದ ಬಾಗಿಯಕ್ಕನಿಗೆ ಕೇಳುವಂತೆ ಅದನ್ನು ಗಟ್ಟಿಯಾಗಿ ಓದಿದೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ ಎಂದು ಆಗ ತಿಳಿಯಿತು. ನನ್ನ ಬಾಯಿ ಮೊದಲೇ ಒಳ್ಳೆಯದಲ್ಲ, ಅವತ್ತು ಅದಕ್ಕೆ ಕಡಿವಾಣವೂ ಇರಲಿಲ್ಲ.

“ಕಸ ಗುಡಿಸುವವಳ ಕೈಗೆ ಕಂಪ್ಯೂಟರ್ ಕೊಟ್ಟದ್ದು ನನ್ನ ತಪ್ಪು! ನಿನ್ನಿಂದ ನನ್ನ ಕೆಲಸ ಹೋಯ್ತು!”

ಏಳು ವರ್ಷ ‘ನೀವು’ ಎಂದವಳು ಒಂದೇ ಉಸಿರಿಗೆ ‘ನಿನ್ನಿಂದ’ ಎಂದಿದ್ದೆ. ಇನ್ನು ಫೋನ್ ಇಡುತ್ತಾರೆ ಎಂದುಕೊಂಡೆ. ಇಡಲಿಲ್ಲ.

“ತಪ್ಪು ನಂದೇ,” ಎಂದರು. ಅವರ ಬಾಯಲ್ಲಿ ಆ ಮಾತು ನಾನು ಅದುವರೆಗೆ ಕೇಳಿರಲಿಲ್ಲ. “ಬೈಲಿಕ್ಕೆ ಆಮೇಲೆ ಟೈಮ್ ಉಂಟು. ಮೇಲೆ ವಿಳಾಸದ ಎಡಗಡೆ ಒಂದು ಸಣ್ಣ ಗುರುತು ಉಂಟಲ್ಲ, ಒತ್ತಿ.”

ಒತ್ತಿದೆ.

“ಸೈಟ್ ಸೆಟ್ಟಿಂಗ್ಸ್ ಅಂತ ಇರ್ತದೆ. ಅದರೊಳಗೆ ಹೋಗಿ. ಕ್ಯಾಮೆರಾ ಎದುರು ಬ್ಲಾಕ್ ಉಂಟಾ? ಅಲೌ ಮಾಡಿ. ಮೈಕಿಗೂ ಹಾಗೇ. ಮರೀಬೇಡಿ, ಮುಖ ಕಂಡ್ರೆ ಸಾಲದು, ಮಾತೂ ಕೇಳ್ಬೇಕು.”

ಅವಸರದಲ್ಲಿ ಎರಡು ಸಲ ಬೇರೆಲ್ಲೋ ಒತ್ತಿದೆ. ಹನ್ನೊಂದು ಹದಿಮೂರು.

“ಗಡಿಬಿಡಿ ಮಾಡ್ಬೇಡಿ. ಆಯ್ತಾ? ಈಗ ಹಿಂದಿನ ಪುಟಕ್ಕೆ ಬಂದು ರಿಫ್ರೆಶ್. ಮೇಲೆ ಸುತ್ತು ಬಾಣ.”

ಪುಟ ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಹನ್ನೊಂದು ಹದಿನಾಲ್ಕಕ್ಕೆ ನನ್ನದೇ ಗಾಬರಿ ಮುಖ ಪರದೆಯ ಮೇಲೆ ಮೂಡಿತು. “ಹಾಂ, ಮ್ಯಾಡಮ್, ಬೋಲಿಯೆ,” ಎಂದು ಶಾಲೆಯ ಕಡೆಯ ದನಿಯೊಂದು ಮಾತಾಡಲು ಹೇಳಿತು. ಬಾಗಿಯಕ್ಕ ಅದನ್ನು ಕೇಳಿಸಿಕೊಂಡೇ ಫೋನ್ ಇಟ್ಟರು.

ಸಂಜೆ ಅವರೇ ಬಂದರು. ಒಳಗೆ ಬಂದು ಕೂರದೆ ಕಂಪ್ಯೂಟರಿನ ಪಕ್ಕ ನಿಂತುಕೊಂಡರು. ಮೌಸ್ ಮುಟ್ಟಲಿಲ್ಲ. “ನೀವು ಕೂತ್ಕೊಳ್ಳಿ, ನೀವೇ ಮಾಡಿ,” ಎಂದರು. ಲಾಗಿನ್ ಅಳಿಸದಂತೆ ಮಾಡುವುದು, ಬೇಕಾದ ಸೈಟಿಗೆ ಮಾತ್ರ ಕ್ಯಾಮೆರಾ ಬಿಡುವುದು, ತಪ್ಪಿ ಮುಚ್ಚಿದ ಟ್ಯಾಬ್ ವಾಪಸು ತರುವುದು, ಯಂತ್ರ ನಿಧಾನವಾದರೆ ಏನು ನೋಡಬೇಕೆಂಬುದು, ಎಲ್ಲವನ್ನೂ ನನ್ನ ಕೈಯಿಂದಲೇ ಮಾಡಿಸಿದರು. ಮರೆತರೆ ಮತ್ತೊಮ್ಮೆ, ಮತ್ತೊಮ್ಮೆ. ಅದೇ ಬೇಲಿ ಹಾಕಿದ್ದ ಇಪ್ಪತ್ತಾರು ಮನೆಗಳಿಗೂ ಹೋಗಿ ತಪ್ಪಾಯಿತೆಂದು ಹೇಳಿ ಸರಿಮಾಡಬೇಕು, ನಿಮ್ಮದೇ ಮೊದಲು ಎಂದರು.

ನನಗೆ ತಡೆಯಲಾಗಲಿಲ್ಲ. “ಬಾಗಿಯಕ್ಕ, ಬೆಳಿಗ್ಗೆ ನಾನು ಹಾಗೆ ಹೇಳಬಾರದಿತ್ತು. ನಾಚಿಕೆ ಆಗ್ತದೆ ನನಗೆ.”

“ನೀವು ಹೇಳಿದ್ದು ಸುಳ್ಳಲ್ಲವಲ್ಲ. ಗುಡಿಸಿಯೇ ಕಲ್ತದ್ದು. ನಾನೇ ಎಲ್ಲರ ಹತ್ರ ಹೆಮ್ಮೆಯಿಂದ ಹೇಳ್ಕೊಂಡು ತಿರುಗುವವಳು.” ಚೀಲ ಹೆಗಲಿಗೇರಿಸಿಕೊಂಡರು. “ಅದು ಬೈಗುಳ ಅಂತ ಇವತ್ತೇ ಗೊತ್ತಾದದ್ದು.”

ಶುಕ್ರವಾರ ಶಾಲೆಯಿಂದ ಮೇಲ್ ಬಂತು, ಕೆಲಸ ನನ್ನದಾಯಿತು. ಮೊದಲು ಬಾಗಿಯಕ್ಕನಿಗೇ ಫೋನ್ ಮಾಡಿದೆ. “ಸಂತೋಷ ಭಾಮಕ್ಕ,” ಎಂದರು, ನಿಜವಾದ ಸಂತೋಷದಿಂದಲೇ. ಮನೆಗೆ ಬನ್ನಿ ಎಂದಾಗ ಹೂಂ ಎಂದರು. ಅದಾಗಿ ಐದು ತಿಂಗಳಾಯಿತು, ಬಂದಿಲ್ಲ. ಕಂಪ್ಯೂಟರ್ ಕೆಟ್ಟಿದೆ ಎಂದು ಹೇಳಿಯಾದರೂ ಕರೆಸೋಣವೆಂದರೆ ಅದಕ್ಕೂ ದಾರಿಯಿಲ್ಲ. ನಾನು ಮತ್ತೆಂದೂ ಅವರನ್ನು ಕರೆಯಬೇಕಾಗದಂತೆ, ಆ ಸಂಜೆ ನಿಂತೇ ಎಲ್ಲವನ್ನೂ ನನಗೆ ಕಲಿಸಿ ಹೋಗಿದ್ದಾರೆ.